ಹದಿನಾಲ್ಕನೇ ತಾರೀಖಿನ ಮುಂದನಿ

ನಮ್ಮೂರಿನ ವಸಂತ ಸಭೆಯಲ್ಲಿ ಯಾವ ಸಂಗೀತ ಕಚೇರಿಯೇ ಇರಲಿ, ಅದರ ದನಿ ಒಂಬತ್ತು ದಿನ ಮೊದಲೇ ಬಂದುಬಿಡುತ್ತದೆ. ಏಪ್ರಿಲ್ ಹತ್ತರ ಸಂಜೆ ಆರಕ್ಕೆ ವೀಣೆ ಎಂದು ಗೊತ್ತಾಗಿದ್ದರೆ, ಒಂದನೇ ತಾರೀಖು ಸಂಜೆ ಆರಕ್ಕೆ ಖಾಲಿ ವೇದಿಕೆಯ ಮೇಲೆ ವೀಣೆ ನುಡಿಯುತ್ತದೆ. ನುಡಿಸಬೇಕಾದವರು ಆ ಹೊತ್ತಿಗೆ ಬೇರೆಲ್ಲೋ ತಮ್ಮ ಮನೆಯ ಜಗಲಿಯಲ್ಲಿ ಕೂತು ಅವರೆಕಾಳು ಸುಲಿಯುತ್ತಿರಬಹುದು. ಇದಕ್ಕೆ ನಾವು ಮುಂದನಿ ಎನ್ನುತ್ತೇವೆ. ಹೊರಗಿನವರಿಗೆ ಇದು ಸೋಜಿಗವಂತೆ. ನಮಗೆ ಸೋಜಿಗವೆಂದರೆ, ಬೇರೆ ಊರುಗಳಲ್ಲಿ ಏನು ಕೇಳಬೇಕಾದೀತು ಎಂದು ತಿಳಿಯದೆಯೇ ಜನ ಟಿಕೆಟ್ ತೆಗೆದುಕೊಂಡು ಹೋಗಿ ಕೂರುತ್ತಾರೆ ಎಂಬುದು.

ಮುಂದನಿಯಲ್ಲಿ ಎಲ್ಲ ಸದ್ದೂ ಬರುವುದಿಲ್ಲ. ಹೊರಗಿನ ಹೊಂಗೆ ಮರದಲ್ಲಿ ಕೂತು ಪಲ್ಲವಿಯ ನಡುವೆಯೇ ಬಾಯಿ ಹಾಕುವ ಕೋಗಿಲೆ ಬರುವುದಿಲ್ಲ, ಗುಡುಗು ಬರುವುದಿಲ್ಲ. ಆ ದಿನ ಸಭಾಂಗಣದಲ್ಲಿ ಇದ್ದ ಮನುಷ್ಯರ ಕೈ, ಗಂಟಲು, ವಾದ್ಯ, ಕುರ್ಚಿಗಳು ಮಾಡಿದ ಸದ್ದು ಮಾತ್ರ ಬರುತ್ತದೆ. ಹಾಗಾಗಿ ಕೆಮ್ಮು ಖಂಡಿತ ಬರುತ್ತದೆ. ಊರಿನ ಕೆಮ್ಮುಗಳೆಲ್ಲ ನನಗೆ ಗುರುತು. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆಂದೇ ಒಂದು ಕಾಲಂ ಇದೆ. ನಿವೃತ್ತ ಪೋಸ್ಟ್‌ಮಾಸ್ಟರು ಪ್ರತಿ ಮುಂದನಿಯ ಮರುದಿನ ಬೆಳಿಗ್ಗೆ ಬಂದು, "ನಂದಿತ್ತಾ?" ಎಂದು ಕೇಳುತ್ತಾರೆ. "ಎರಡನೇ ಕೃತಿಯಲ್ಲಿ, ಚರಣದ ಹತ್ರ" ಎಂದರೆ ಹರ್ಷದಿಂದ ಟಿಕೆಟ್ ಕೊಳ್ಳುತ್ತಾರೆ. ಎಪ್ಪತ್ತೊಂಬತ್ತು ವರ್ಷದವರಿಗೆ ಒಂಬತ್ತು ದಿನದ ಖಾತ್ರಿ ಸಣ್ಣದೇನಲ್ಲ.

ನಾನು ಸಭೆಯ ಕಾರ್ಯದರ್ಶಿ, ಗೋಪೀನಾಥ. ಮೂವತ್ತೊಂದು ವರ್ಷದಿಂದ ಮುಂದನಿ ಕೇಳಿ ಬರೆದಿಡುವುದು ನನ್ನ ಕೆಲಸ. ನನ್ನ ಜೊತೆ ಕ್ಯಾಂಟೀನಿನ ವಾಮನಯ್ಯ ಕೂರುತ್ತಾನೆ. ಸಂಗೀತದ ಮೇಲಿನ ಪ್ರೀತಿಯಿಂದಲ್ಲ. ಚಪ್ಪಾಳೆಯ ದಪ್ಪ ಕೇಳಿ ಎಷ್ಟು ಬೋಂಡಾ ಹಾಕಬೇಕೆಂದು ಅಂದಾಜು ಮಾಡಲು. ಬೇರೆ ಯಾರಿಗೂ ಅಂದು ಒಳಗೆ ಪ್ರವೇಶವಿಲ್ಲ. ಮುಂದನಿ ನಡೆಯುವಾಗ ಮಾತಾಡಕೂಡದು, ಕೆಮ್ಮಕೂಡದು ಎಂಬುದು ಊರಿನ ಮಕ್ಕಳಿಗೂ ಗೊತ್ತಿರುವ ನಿಯಮ. ಪೂರ್ತಿ ಮುಗಿಯುವವರೆಗೆ ಏಳಕೂಡದು ಎಂಬುದು ನನಗೊಬ್ಬನಿಗೇ ಇರುವ ನಿಯಮ.

ಇನ್ನೊಂದಿದೆ: ಮುಂದನಿಯಲ್ಲಿ ಏನು ಕೇಳಿತೆಂದು ಕಲಾವಿದರಿಗೆ ಹೇಳಕೂಡದು. ಹಿಂದೆ ಒಬ್ಬ ಕೊಳಲಿನವರಿಗೆ ನಮ್ಮ ಅಂದಿನ ಅಧ್ಯಕ್ಷರು, "ಮೂರನೆಯದರಲ್ಲಿ ಸ್ವಲ್ಪ ಶ್ರುತಿ ತಪ್ಪತ್ತೆ, ನೋಡ್ಕೊಳ್ಳಿ" ಎಂದು ಉಪಕಾರ ಮಾಡಿದ್ದರು. ಅವರು ಮೂರನೆಯದನ್ನು ಕೈಬಿಟ್ಟು ಬೇರೆ ನುಡಿಸಿದರು. ಆ ಬೇರೆಯದರಲ್ಲೇ ಶ್ರುತಿ ತಪ್ಪಿತು. ಕೇಳಿಸಿದ್ದು ನಡೆಯದೆ ಹೋದದ್ದು ನಮ್ಮಲ್ಲಿಲ್ಲ. ಹಾಗಾಗಿ ಕಲಾವಿದರು ನಮ್ಮೂರಿನವರೇ ಆದರೆ, ಅವರ ಮುಂದನಿಯ ಹೊತ್ತಿಗೆ ಸಭೆಯೇ ಆಟೋ ಮಾಡಿ ಕೆರೆಯ ದಂಡೆಗೆ ಕಳಿಸುತ್ತದೆ. ಕಡಲೆಕಾಯಿ ಪೊಟ್ಟಣವನ್ನೂ ಕೊಡುತ್ತೇವೆ.

ತಾರೀಖು ಗೊತ್ತುಮಾಡಲು ನನ್ನ ಕೋಣೆಯ ಗೋಡೆಯ ಮೇಲೆ ಒಂದು ಮರದ ಹಲಗೆ ಇದೆ. ದಿನಕ್ಕೊಂದು ತೂತು. ಕಚೇರಿಯ ದಿನಕ್ಕೆ ಬಿಳಿ ಗೂಟ, ಅದರ ಮುಂದನಿಯ ದಿನಕ್ಕೆ ಕರಿ ಗೂಟ. ಒಂದೇ ತೂತಿಗೆ ಎರಡು ಗೂಟ ಬರುವಂತಾದರೆ ಆ ತಾರೀಖು ಆಗದು, ಏಕೆಂದರೆ ಒಬ್ಬರು ಹಾಡುತ್ತಿರುವಾಗ ಒಂಬತ್ತು ದಿನದ ಆಚೆಯವರು ಬಂದು ದನಿ ಸೇರಿಸಿಬಿಡುತ್ತಾರೆ. ಇಷ್ಟು ಸರಳ. ಮೂವತ್ತೊಂದು ವರ್ಷದಲ್ಲಿ ನಾನು ಒಮ್ಮೆಯೂ ಬೆರಳು ಮಡಿಸಿ ಎಣಿಸಿದವನಲ್ಲ. ಹಲಗೆ ಇರುವಾಗ ಎಣಿಸುವುದೇಕೆ?

ಈ ವಸಂತದ ಪಟ್ಟಿಯಲ್ಲಿ ಏಪ್ರಿಲ್ ಹದಿನಾಲ್ಕು ನನ್ನ ಅಕ್ಕನ ಮಗಳು ಮಂದಾಕಿನಿಯದಾಗಿತ್ತು. ಅವಳಿಗೀಗ ನಲವತ್ತಾರು. ಎರಡು ವರ್ಷದ ಹಿಂದೆ ಗಂಟಲಲ್ಲಿ ಒಂದು ಗಂಟು ಕಾಣಿಸಿ, ಅದನ್ನು ತೆಗೆಸಿ, ಆಮೇಲೆ ಹಾಡುವುದನ್ನು ಬಿಟ್ಟಿದ್ದಳು. ಮಕ್ಕಳಿಗೆ ಪಾಠ ಹೇಳುವಾಗಲೂ ಹಾರ್ಮೋನಿಯಂ ಒತ್ತಿ ತೋರಿಸುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ದನಿ ವಾಪಸು ಬಂದಿತ್ತು, ಆದರೆ ಅಂಚಿನಲ್ಲಿ ಮರಳು ಕಾಗದ ತೀಡಿದಂತೆ ಒಂದು ಒರಟು ಉಳಿದುಕೊಂಡಿತ್ತು. "ಮೂರನೇ ಸಾಲಿನಾಚೆ ಕೇಳಲ್ಲ ಮಾವ" ಎನ್ನುತ್ತಿದ್ದಳು. ಡಾಕ್ಟರು ಮೇಲಿನ ಷಡ್ಜದ ಗೋಜಿಗೆ ಹೋಗಬೇಡಿ, ಹೋದರೆ ಇರುವುದೂ ಹೋದೀತು ಎಂದಿದ್ದರಂತೆ. ಅದೆಲ್ಲ ಗೊತ್ತಿದ್ದೂ ಅವಳ ಹೆಸರನ್ನು ಪಟ್ಟಿಗೆ ಹಾಕಿದವನು ನಾನು. ಮೂರು ತಿಂಗಳು ಅವಳ ಮನೆಗೆ ಅಲೆದು, ಒಪ್ಪಿಸಿ, ಹಾಕಿದೆ. ಬಿಳಿ ಗೂಟ ಹದಿನಾಲ್ಕಕ್ಕೆ, ಕರಿ ಗೂಟ ಐದಕ್ಕೆ.

ಐದನೇ ತಾರೀಖು ಐದೂವರೆಗೆ ಅವಳನ್ನು ಆಟೋ ಹತ್ತಿಸಿದೆವು. ಆರಕ್ಕೆ ಸರಿಯಾಗಿ ತಂಬೂರಿ ಶುರುವಾಯಿತು. ನಾನು ಪೆನ್ನಿನ ಮುಚ್ಚಳ ತೆಗೆಯುವುದನ್ನೂ ಮರೆತು ಕೂತಿದ್ದೆ. ಬಂತು. ಮೊದಲು ನೆಲ ತಡಕುವ ಹೆಜ್ಜೆಯಂತೆ, ಆಮೇಲೆ ಪರವಾಗಿಲ್ಲ ಎಂಬಂತೆ, ಎರಡನೇ ಕೃತಿಯ ಹೊತ್ತಿಗೆ ತನ್ನದೇ ಮನೆಯಲ್ಲಿ ಓಡಾಡುವವಳಂತೆ. ಒರಟು ಇತ್ತು, ಆದರೆ ಒರಟಿನಲ್ಲೂ ಒಂದು ಮರ್ಯಾದೆ ಇತ್ತು. ಪೋಸ್ಟ್‌ಮಾಸ್ಟರು ಕೆಮ್ಮಿದರು, ಬರೆದುಕೊಂಡೆ. ವಾಮನಯ್ಯ ನನ್ನ ಕಡೆ ತಿರುಗಿ ಎರಡು ಕೈಯ ಬೆರಳನ್ನೂ ಅಗಲಿಸಿ ತೋರಿಸಿದ. ಅವನ ಭಾಷೆಯಲ್ಲಿ ಅದು ಹತ್ತು ಸೇರು ಹಿಟ್ಟು.

ಆಮೇಲೆ ಶಂಕರಾಭರಣ ಎತ್ತಿಕೊಂಡಳು. ಆಲಾಪನೆ ಬಿಡಿಸಿಕೊಂಡು ಮೇಲೆ ಮೇಲೆ ಹೋಯಿತು. ಮೇಲಿನ ಷಡ್ಜಕ್ಕೆ ಇನ್ನೊಂದೇ ಮೆಟ್ಟಿಲು, ನಿಷಾದ. ಆ ರಾಗದ ನಿಷಾದದಲ್ಲಿ ನಿಂತವರು ಯಾರೂ ಅಲ್ಲೇ ಉಳಿಯಲಾರರು. ಒಂದು ಕಾಲು ಹೊಸ್ತಿಲಾಚೆ ಇಟ್ಟ ಹಾಗೆ ಅದು. ಅಲ್ಲಿ ನಿಂತಳು. ಅಲ್ಲೇ ಕತ್ತರಿಸಿದಂತೆ ದನಿ ನಿಂತುಹೋಯಿತು.

ಗೋಡೆ ಗಡಿಯಾರ ನೋಡಿದೆ. ಸರಿಯಾಗಿ ಏಳು ಗಂಟೆ. ಪಿಟೀಲು ಒಂದೆಳೆ ಎಳೆದು ಅದೂ ನಿಂತಿತು. ತಂಬೂರಿಯೊಂದೇ ನುಡಿಯುತ್ತಿತ್ತು, ಮನೆಯಲ್ಲಿ ಏನಾಯಿತೆಂದು ತಿಳಿಯದ ಮಗುವಿನ ಹಾಗೆ. ಕೆಮ್ಮಿಲ್ಲ, ಕುರ್ಚಿಯ ಕಿರುಗುಟ್ಟುವಿಕೆಯಿಲ್ಲ. ತುಂಬಿದ ಸಭೆ ಉಸಿರು ಹಿಡಿದು ಕೂತಿದೆ ಎಂದು ಮಾತ್ರ ಗೊತ್ತಾಗುತ್ತಿತ್ತು. ಐದು ನಿಮಿಷವಾದ ಮೇಲೆ ವಾಮನಯ್ಯ ಮೆಲ್ಲಗೆ ಎದ್ದು, ಬಾಗಿಲ ಬಳಿ ಕೂತಿದ್ದ ನನ್ನ ಕಿವಿಗೆ ಬಗ್ಗಿ, "ಬೋಂಡಾ ಬೇಡ ಸ್ವಾಮಿ. ಬರೀ ಕಾಫಿ ಸಾಕು" ಎಂದು ಹೊರಟುಹೋದ.

ನಾನು ಕೂತೆ. ಹತ್ತು ನಿಮಿಷ, ಹದಿನೈದು ನಿಮಿಷ. ಮತ್ತೆ ಶುರುಮಾಡುತ್ತಾಳೆ, ನೀರು ಕುಡಿಯುತ್ತಿರಬಹುದು ಎಂದುಕೊಂಡೆ. ಹದಿನೈದು ನಿಮಿಷ ನೀರು ಕುಡಿಯುವವರು ಯಾರಿದ್ದಾರೆ? ಏಳೂ ಇಪ್ಪತ್ತೈದರ ಸುಮಾರಿಗೆ ಯಾರೋ ಅತ್ತರು. ಗಂಡಸೋ ಹೆಂಗಸೋ ತಿಳಿಯಲಿಲ್ಲ. ಅಭ್ಯಾಸವಿಲ್ಲದವರು ಅಳುವಂಥ ಅಳು ಅದು, ಹಳೆಯ ಬಾಗಿಲನ್ನು ಬಲವಂತದಿಂದ ತೆರೆದ ಹಾಗೆ. ಊರಿನ ಕೆಮ್ಮೆಲ್ಲ ಗುರುತಿಸಬಲ್ಲ ನನಗೆ ಆ ಅಳು ಯಾರದೆಂದು ಹೊಳೆಯಲಿಲ್ಲ. ನೋಟ್‌ಬುಕ್ಕಿನಲ್ಲಿ "ಏಳಕ್ಕೆ ನಿಂತಿತು. ಯಾರೋ ಅತ್ತರು" ಎಂದು ಬರೆದೆ. ಆಮೇಲೆ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಪೂರ್ತಿ ಕೇಳದೆ ಎದ್ದು ಹೊರಗೆ ಬಂದು ಬಾಗಿಲು ಹಾಕಿದೆ.

ಕಲಾವಿದರಿಗೆ ಹೇಳಕೂಡದೆಂಬ ನಿಯಮವಿದೆಯೇ ಹೊರತು ಊರಿಗೆ ಹೇಳಕೂಡದೆಂಬ ನಿಯಮ ಇಲ್ಲ. ಮಾರನೇ ದಿನ ಹತ್ತು ಗಂಟೆಯ ಹೊತ್ತಿಗೆ ತರಕಾರಿಯವಳಿಗೂ ಗೊತ್ತಾಗಿತ್ತು. ಹದಿನಾಲ್ಕರ ಟಿಕೆಟ್ಟುಗಳೆಲ್ಲ ಮುಗಿದುಹೋದವು. ಸಭೆಯ ಅಧ್ಯಕ್ಷ ಡಾಕ್ಟರ್ ಪದ್ಮರಾಜಯ್ಯನವರು ಫೋನ್ ಮಾಡಿ, "ಗಾಬರಿ ಬೇಡ, ನಾನು ಬ್ಯಾಗ್ ತಂದು ಮೊದಲನೇ ಸಾಲಲ್ಲೇ ಕೂತಿರ್ತೀನಿ" ಎಂದರು. ಅವರು ಹಲ್ಲಿನ ಡಾಕ್ಟರು. ಬ್ಯಾಗಿನಲ್ಲಿ ಇಕ್ಕಳ ಬಿಟ್ಟರೆ ಬೇರೇನಿರುತ್ತದೋ ನನಗೆ ತಿಳಿಯದು.

ಎಂಟನೇ ತಾರೀಖು ಮಂದಾಕಿನಿಯ ಮನೆಗೆ ಹೋದೆ. ಅವಳು ಊಟದ ಮೇಜಿನ ಮುಂದೆ ಕೂತಿದ್ದಳು. ಮೇಜಿನ ತುಂಬ ಊರಿನವರು ಗಂಟಲಿಗೆಂದು ಕಳಿಸಿದ ಜೇನುತುಪ್ಪದ ಬಾಟಲಿಗಳು.

"ಹದಿನೇಳು ಮಾವ" ಎಂದಳು. "ಚೆನ್ನಾಗಿ ಹಾಡಿದ್ದಿದ್ರೆ ಒಂದೂ ಬರ್ತಿರಲಿಲ್ಲ."

"ಈಗ ಸೀಸನ್ನು. ಎಲ್ಲರ ಮನೇಲೂ ಜೇನು ಇರತ್ತೆ."

"ಪೋಸ್ಟ್‌ಮಾಸ್ಟರು ದಾರೀಲಿ ಸಿಕ್ಕಿದ್ರು. ನನ್ನ ನೋಡಿ ಕೆಮ್ಮೋದನ್ನೂ ತಡ್ಕೊಂಡ್ರು. ಮುಖ ಕೆಂಪಾಗೋಯ್ತು ಪಾಪ."

ನಾನು ಒಂದು ಬಾಟಲಿ ಎತ್ತಿ ಅದರ ಚೀಟಿ ಓದುವವನಂತೆ ನಟಿಸಿದೆ. ಚೀಟಿ ಇರಲಿಲ್ಲ.

"ನೀವು ಹೇಳ್ಬೇಡಿ, ನಾನು ಕೇಳಲ್ಲ. ಒಂದೇ ಒಂದು ವಿಷಯ. ನಾನು ಹತ್ತಿದ್ನಾ?"

"ಏನನ್ನ?"

"ವೇದಿಕೇನ."

ನಿಯಮ ನನ್ನ ನಾಲಿಗೆಯ ತುದಿಯಲ್ಲಿ ಕೂತಿತ್ತು. ಅದನ್ನು ನುಂಗಿ, "ನೀನು ಹತ್ತಿದೆ" ಎಂದೆ.

ಅವಳು ಕುರ್ಚಿಗೆ ಒರಗಿದಳು. "ಹಾಗಿದ್ರೆ ಸರಿ. ಹದಿನಾಲ್ಕನೇ ತಾರೀಖು ಬೆಳಿಗ್ಗೆ ಹೊಟ್ಟೆನೋವು ಅಂತ ಮುಸುಕು ಹಾಕ್ಕೊಂಡು ಮಲಗಿಬಿಡ್ತೀನೇನೋ ಅಂತ ಭಯ ಇತ್ತು ನನಗೆ."

"ಮಂದಾ, ಬೇಡ ಅನ್ಸಿದ್ರೆ ಬಿಟ್ಬಿಡೋಣ. ನಾನು ಜವಾಬ್ದಾರಿ ತಗೋತೀನಿ."

"ಕೇಳಿಸಿದೆ ಅಂದ್ಮೇಲೆ ಬಿಡಕ್ಕೆ ಎಲ್ಲಾಗತ್ತೆ ಮಾವ? ಎರಡು ಬಾಟಲಿ ತಗೊಂಡ್ಹೋಗಿ. ಅತ್ತೆಗೆ ಕೆಮ್ಮಿದೆ ಅಂತಿದ್ರಲ್ಲ."

ಎರಡು ಬಾಟಲಿ ಹಿಡಿದುಕೊಂಡು ಬೀದಿಗೆ ಬಂದೆ. ಅವಳ ದನಿ ಹೋದರೆ ಅದನ್ನು ತೆಗೆದವನು ಗಂಟು ಕೊಯ್ದ ಸರ್ಜನ್ ಅಲ್ಲ, ನಾನು. ಅಕ್ಕ ಸಾಯುವಾಗ ನನಗೆ ಬೇರೇನೂ ಹೇಳಿರಲಿಲ್ಲ, "ಇವಳ ಹಾಡು ನೋಡ್ಕೋ" ಎಂದಷ್ಟೇ ಹೇಳಿದ್ದಳು. ನೋಡಿಕೊಂಡ ಬಗೆ ಇದು.

ಆ ಸಂಜೆ ಪಟ್ಟಿ ನೋಡುವಾಗ ಇನ್ನೊಂದು ಸಂಕಟ ಕಣ್ಣಿಗೆ ಬಿತ್ತು. ಇಪ್ಪತ್ತನೇ ತಾರೀಖು ಹೊಸಕಾಲದವರ ಕಾರ್ಯಕ್ರಮ. ಸಭೆ ಎರಡು ವರ್ಷದಿಂದ ಬ್ಯಾಂಡುಗಳಿಗೂ ಅವಕಾಶ ಕೊಡುತ್ತಿದೆ. ಈ ಬ್ಯಾಂಡಿನ ಹೆಸರು "ಕರೆಂಟ್ ಹೋಯ್ತು." ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಗ್ಲಾಡಿಸ್ ಎಂಬ ಹುಡುಗಿ ಅದರ ಮುಖ್ಯಸ್ಥೆ, ಗಿಟಾರೂ ಅವಳದೇ, ಹಾಡೂ ಅವಳದೇ. ವೈರುಗಳ ಸಿಕ್ಕು ಬಿಡಿಸಲು ಒಂದು ಗಂಟೆ ಬೇಕೆಂದು ಅವರದು ಆರಕ್ಕಲ್ಲ, ಏಳಕ್ಕೆ ಶುರು. ಹದಿನಾಲ್ಕಕ್ಕೆ ಮಂದಾಕಿನಿಗೆ ಏನಾಗುವುದೋ ಆಗಿ, ಅದಾದ ಆರೇ ದಿನಕ್ಕೆ ಅದೇ ವೇದಿಕೆಯಲ್ಲಿ ಡ್ರಮ್ ಬಾರಿಸುವುದೆಂದರೆ ನೋಡುವವರಿಗೆ ಹೇಗಿರುತ್ತದೆ? ದುಃಖಕ್ಕೆ ಆರು ದಿನ ಸಾಲದೆನಿಸಿತು. ಒಂಬತ್ತಾದರೂ ಬೇಕು. ಗ್ಲಾಡಿಸಳನ್ನು ಕರೆಸಿದೆ.

"ಇಪ್ಪತ್ತರಿಂದ ಇಪ್ಪತ್ಮೂರಕ್ಕೆ ಯಾಕೆ ಸರ್?"

"ಸಭೆಗೆ ಸ್ವಲ್ಪ ಅನಾನುಕೂಲ."

"ಮಂದಾಕಿನಿ ಮೇಡಂ ವಿಷಯಾನಾ?"

"ಯಾರು ಹೇಳಿದ್ದು ನಿನಗೆ?"

"ವಾಮನಯ್ಯ. ಕಾಫಿ ಜೊತೆ ಎಲ್ಲರಿಗೂ ಫ್ರೀ ಕೊಡ್ತಿದಾರೆ." ಅವಳು ಹಲಗೆಯ ಕಡೆ ನೋಡಿದಳು. "ಹೋದ ವರ್ಷ ನಾನು ಅವರನ್ನ ಕೇಳಿದ್ದೆ ಸರ್, ನಮ್ಮ ಜೊತೆ ಒಂದು ಹಾಡು ಹಾಡಿ ಅಂತ. ನಿಮ್ಮ ಡ್ರಮ್ ಮುಂದೆ ನನ್ನ ದನಿ ಎಲ್ಲಮ್ಮಾ ಕೇಳತ್ತೆ ಅಂತ ನಕ್ಕುಬಿಟ್ರು. ಇಪ್ಪತ್ಮೂರೇ ಆಗಲಿ ಬಿಡಿ. ನಮ್ಮ ಡ್ರಮ್ಮರಿಗೂ ಅಷ್ಟೊತ್ತಿಗೆ ಪರೀಕ್ಷೆ ಪೇಪರ್ ತಿದ್ದಿ ಮುಗಿದಿರತ್ತೆ."

ಅವಳು ಹೋದಮೇಲೆ ಹಲಗೆಯ ಬಳಿ ನಿಂತು ಇಪ್ಪತ್ತರ ಬಿಳಿ ಗೂಟ ಕಿತ್ತು ಇಪ್ಪತ್ತಮೂರಕ್ಕೆ ಚುಚ್ಚಿದೆ. ಅಷ್ಟರಲ್ಲಿ ಪದ್ಮರಾಜಯ್ಯನವರ ಫೋನು. ಆಂಬುಲೆನ್ಸ್ ಸಭಾಂಗಣದ ಮುಂದೆ ನಿಲ್ಲಿಸುವುದೋ ಹಿಂದೆ ನಿಲ್ಲಿಸುವುದೋ ಎಂದು ಅವರಿಗೆ ಜಿಜ್ಞಾಸೆ. ಮುಂದೆ ನಿಲ್ಲಿಸಿದರೆ ಅಪಶಕುನ, ಹಿಂದೆ ನಿಲ್ಲಿಸಿದರೆ ವಾಮನಯ್ಯನ ಒಲೆ. ಅರ್ಧ ಗಂಟೆ ಮಾತಾಡಿ, ಬೇಲಿಯಾಚೆ ಹುಣಸೆ ಮರದ ಕೆಳಗೆ ಎಂದು ತೀರ್ಮಾನಿಸಿ, ದೀಪ ಆರಿಸಿ ಮನೆಗೆ ಹೋದೆ.

ಹನ್ನೊಂದನೇ ತಾರೀಖಿನ ತೂತಿನಲ್ಲಿ ಕರಿ ಗೂಟವಿತ್ತು. ಬ್ಯಾಂಡಿನ ಮುಂದನಿ. ನೋಟ್‌ಬುಕ್ಕು ಹಿಡಿದು ನಾನು, ಸೌಟು ಹಿಡಿದೇ ಬಂದ ವಾಮನಯ್ಯ, ಇಬ್ಬರೂ ಏಳಕ್ಕೆ ಹೋಗಿ ಕೂತೆವು. ಏಳಾಯಿತು. ಏಳೂಕಾಲಾಯಿತು. ಒಂದು ತಂತಿಯ ಸದ್ದೂ ಇಲ್ಲ. ಹೊರಗಿನ ಕೋಗಿಲೆ ಮಾತ್ರ ತನ್ನ ಪಾಡಿಗೆ ತಾನು ಕೂಗುತ್ತಿತ್ತು. ಅದು ಕೂಗಿದಾಗಲೇ ಕೇಳಿಸುವ ಪ್ರಾಣಿ.

"ಇದೇನ್ ಸ್ವಾಮಿ" ಎಂದ ವಾಮನಯ್ಯ. "ನಿಜವಾಗ್ಲೂ ಕರೆಂಟ್ ಹೋಯ್ತಾ?"

ನನಗೆ ನಗು ಬರಲಿಲ್ಲ. ಮುಂದನಿ ಇಲ್ಲವೆಂದರೆ ಕಾರ್ಯಕ್ರಮವೇ ಇಲ್ಲ. ಕಾರ್ಯಕ್ರಮ ಏಕಿರುವುದಿಲ್ಲ? ಸಭೆಗೇ ಬೀಗ ಬಿದ್ದಿದ್ದರೆ ಇರುವುದಿಲ್ಲ. ಸಭೆಗೆ ಬೀಗ ಬೀಳುವಂಥದ್ದು ಹದಿನಾಲ್ಕಕ್ಕೆ ಏನಾಗಬಹುದು? ಅಲ್ಲಿಯವರೆಗೆ ನಾನು ಹೆದರುತ್ತಿದ್ದದ್ದು ಅವಳ ದನಿಗೆ. ಆ ಸಂಜೆಯಿಂದ ಅವಳ ಜೀವಕ್ಕೆ ಹೆದರತೊಡಗಿದೆ. ವಾಮನಯ್ಯ ನನ್ನ ಮುಖ ನೋಡಿ, ಸೌಟನ್ನು ಮಡಿಲಲ್ಲಿಟ್ಟುಕೊಂಡು, ಜೀವನದಲ್ಲಿ ಮೊದಲ ಬಾರಿಗೆ ಯಾರಿಗೂ ಏನೂ ಹೇಳದಿರಲು ಒಪ್ಪಿದ. ಅದು ನನ್ನನ್ನು ಇನ್ನೂ ಹೆದರಿಸಿತು.

ಮುಂದಿನ ಮೂರು ದಿನ ನಾನು ಏನು ತಿಂದೆ, ಯಾರೊಡನೆ ಏನು ಮಾತಾಡಿದೆ ನೆನಪಿಲ್ಲ. ಹೆಂಡತಿ ಹೇಳುವ ಪ್ರಕಾರ ಕಾಫಿಗೆ ಉಪ್ಪು ಹಾಕಿಕೊಂಡು ಚೆನ್ನಾಗಿದೆ ಎಂದೆನಂತೆ.

ಹದಿನಾಲ್ಕರ ಸಂಜೆ ಸಭಾಂಗಣ ಹಿಂದೆಂದೂ ತುಂಬದಷ್ಟು ತುಂಬಿತ್ತು. ಬಂದವರೆಲ್ಲ ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದರು, ಆದರೆ ಯಾರೂ ಬಣ್ಣದ್ದು ಹಾಕಿರಲಿಲ್ಲ. ಸಾವಿನ ಮನೆಗೂ ಮದುವೆ ಮನೆಗೂ ಒಂದೇ ದಿನ ಹೋಗಬೇಕಾಗಿ ಬಂದವರಂತೆ ಇದ್ದರು. ಪದ್ಮರಾಜಯ್ಯನವರು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು. ಗ್ಲಾಡಿಸ್ ಐದನೇ ಸಾಲಿನಲ್ಲಿದ್ದಳು. ನಾನು ಎಂದಿನಂತೆ ಇಪ್ಪತ್ತೆರಡನೇ ಸಾಲು, ಬಾಗಿಲ ಪಕ್ಕ. ಮಂದಾಕಿನಿ ಅಕ್ಕನ ಹಸಿರು ಸೀರೆ ಉಟ್ಟು ಬಂದು ಕೂತಳು. ಎಲ್ಲರನ್ನೂ ಒಮ್ಮೆ ನೋಡಿದಳು. ಇಷ್ಟು ಜನ ಇಷ್ಟು ಕರುಣೆಯಿಂದ ನೋಡುತ್ತಿರುವಾಗ ಹಾಡಲು ಎಂಥ ಎದೆ ಬೇಕು. ಅವಳು ತಂಬೂರಿಯವಳ ಕಡೆ ತಲೆಯಾಡಿಸಿದಳು.

ನಾನು ಕೇಳಿದ್ದೇ ಬಂತು. ತಡಕಾಟ, ಪರವಾಗಿಲ್ಲ ಎಂಬ ಧೈರ್ಯ, ಮನೆಯೊಳಗಿನ ಓಡಾಟ. ಚರಣದ ಹತ್ತಿರ ಪೋಸ್ಟ್‌ಮಾಸ್ಟರು ಕೆಮ್ಮಿದರು. ಕೆಮ್ಮದಿರಲು ಅವರು ಟವೆಲ್ ಬಾಯಿಗೆ ಒತ್ತಿಕೊಂಡದ್ದನ್ನು ನಾನು ಕಂಡೆ, ಫಲವಾಗಲಿಲ್ಲ. ಶಂಕರಾಭರಣ ಶುರುವಾದಾಗ ಏಳಕ್ಕೆ ಹದಿನೆಂಟು ನಿಮಿಷ. ಅಲ್ಲಿಂದ ಮುಂದೆ ಯಾರೂ ಅವಳನ್ನು ನೋಡಲಿಲ್ಲ, ಎಲ್ಲರೂ ಗಡಿಯಾರ ನೋಡಿದರು. ನಾನೂರು ತಲೆ ಒಂದೇ ಗೋಡೆಯ ಕಡೆ ತಿರುಗಿದ್ದವು. ಅವಳು ಏರುತ್ತಾ ಹೋದಳು. ಏಳಕ್ಕೆ ಎರಡು ನಿಮಿಷ. ಪದ್ಮರಾಜಯ್ಯನವರು ಬ್ಯಾಗಿನ ಜಿಪ್ಪು ಎಳೆದರು. ನಿಷಾದ.

ಡ್ರಮ್ಮಿನ ನಾಲ್ಕು ಹೊಡೆತ.

ವೇದಿಕೆಯ ಮೇಲೆ ಡ್ರಮ್ ಇರಲಿಲ್ಲ. ಆದರೂ ಡ್ರಮ್ ನುಡಿಯುತ್ತಿತ್ತು, ಗಿಟಾರು ನುಡಿಯುತ್ತಿತ್ತು, ಪಿಟೀಲಿನವರ ಕಿವಿಯ ಪಕ್ಕದಲ್ಲೇ. ಮಂದಾಕಿನಿಯ ದನಿ ನಿಂತಿತು. ಎತ್ತಿದ್ದ ಕೈ ಎತ್ತಿದ ಹಾಗೇ ಇತ್ತು. ಪಿಟೀಲು ಒಂದೆಳೆ ಎಳೆದು ನಿಂತಿತು, ತಂಬೂರಿ ಮಾತ್ರ ನಿಲ್ಲಲಿಲ್ಲ. ಸಭೆಯಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಮುಂದನಿ ನಡೆಯುವಾಗ ಮಾತಾಡಕೂಡದು, ಕೆಮ್ಮಕೂಡದು ಎಂಬುದು ರಕ್ತಕ್ಕೇ ಇಳಿದಿದೆ.

ಇಪ್ಪತ್ತಮೂರರಲ್ಲಿ ಒಂಬತ್ತು ಹೋದರೆ ಹದಿನಾಲ್ಕು. ಒಂದನೇ ಕ್ಲಾಸಿನ ಲೆಕ್ಕ. ನಾನು ಬಿಳಿ ಗೂಟವನ್ನು ಕಿತ್ತು ನೆಟ್ಟಿದ್ದೆ, ಅದರ ಕರಿ ಗೂಟವನ್ನು ಹನ್ನೊಂದರಲ್ಲೇ ಬಿಟ್ಟಿದ್ದೆ. ಕಿತ್ತು ತಂದಿದ್ದರೆ ಹದಿನಾಲ್ಕರ ತೂತಿನಲ್ಲಿ ಆಗಲೇ ಕೂತಿದ್ದ ಮಂದಾಕಿನಿಯ ಬಿಳಿ ಗೂಟ ಅದನ್ನು ತಡೆಯುತ್ತಿತ್ತು. ಹನ್ನೊಂದರಂದು ಏನೂ ಕೇಳಿಸದಿದ್ದದ್ದು ಏನೂ ಇಲ್ಲದ ಕಾರಣಕ್ಕೆ. ಐದರಂದು ಇಪ್ಪತ್ತೈದು ನಿಮಿಷ ಕೇಳಿಸಿದ ಮೌನ ಇದೇ ಮೌನ: ನಾನೂರು ಜನ ಇನ್ನೊಂದನ್ನು ಕೇಳಿಸಿಕೊಳ್ಳುತ್ತಿರುವ ಮೌನ. ಮುಂದನಿಯೊಳಗೆ ಮತ್ತೊಂದು ಮುಂದನಿ ಕೇಳಿಸದು, ಅದು ಅಲ್ಲಿ ಕೂತ ಮನುಷ್ಯರು ಮಾಡಿದ ಸದ್ದಲ್ಲವಲ್ಲ.

ನನಗೆ ಸಮಾಧಾನವಾಯಿತೆಂದು ನೀವು ತಿಳಿದರೆ ತಪ್ಪು. ಅವಳಿಗೆ ಏನೂ ಆಗಿರಲಿಲ್ಲ, ಸರಿ. ಆದರೆ ಎರಡು ವರ್ಷದ ಮೇಲೆ ಬಾಯಿ ತೆರೆದವಳ ಕಚೇರಿಯನ್ನು, ಮೇಲಿನ ಷಡ್ಜಕ್ಕೆ ಕೈಯಿಟ್ಟ ಗಳಿಗೆಯಲ್ಲಿ, ನನ್ನ ಭಯವೇ ಮುರಿದುಹಾಕಿತ್ತು. ಅವಳು ಮತ್ತೆ ಎಂದಾದರೂ ಅಷ್ಟೆತ್ತರ ಹತ್ತಿಯಾಳೆ? ಬ್ಯಾಂಡು ಬಾರಿಸುತ್ತಲೇ ಇತ್ತು. ಅವಳ ಕೈ ನಿಧಾನವಾಗಿ ಮಡಿಲಿಗೆ ಇಳಿಯಿತು. ನಾನು ಆ ಕೈಯನ್ನೇ ನೋಡುತ್ತಾ, ಕುರ್ಚಿಯ ಅಂಚು ಹಿಡಿದು ಕೂತೆ. ಎದ್ದು ಹೋಗುವಷ್ಟೂ ಧೈರ್ಯವಿರಲಿಲ್ಲ.

ಏಳೂಕಾಲರ ಹೊತ್ತಿಗೆ ಬ್ಯಾಂಡು ಹೊಸದೊಂದು ಹಾಡು ಎತ್ತಿಕೊಂಡಿತು. ನಿಧಾನದ್ದು. ಒಂದು ಹೆಣ್ಣು ದನಿ ಶುರುಮಾಡಿತು. ಗ್ಲಾಡಿಸ್ ಇರಬೇಕೆಂದುಕೊಂಡು ಐದನೇ ಸಾಲಿನ ಕಡೆ ನೋಡಿದೆ. ಅವಳು ತಿರುಗಿ, ಕಣ್ಣು ದೊಡ್ಡದು ಮಾಡಿಕೊಂಡು, ನಾನಲ್ಲ ಎಂಬಂತೆ ತಲೆಯಾಡಿಸಿದಳು. ದನಿ ಮೇಲೇರಿತು. ಗಿಟಾರು ಅದರ ಹಿಂದೆ, ಡ್ರಮ್ಮು ಅದರ ಹಿಂದೆ. ಆಗ ಟಪ್ ಎಂದಿತು, ಗಿಟಾರು ಸತ್ತಿತು. ಡ್ರಮ್ಮು ಎರಡು ಪೆಟ್ಟು ಹಾಕಿ ಗಲಿಬಿಲಿಗೊಂಡು ಸುಮ್ಮನಾಯಿತು. ಇಪ್ಪತ್ತಮೂರನೇ ತಾರೀಖು ಏಳೂ ಇಪ್ಪತ್ತಮೂರಕ್ಕೆ ಕರೆಂಟ್ ಹೋಗಿತ್ತು.

ಆ ದನಿ ಮಾತ್ರ ನಿಲ್ಲಲಿಲ್ಲ. ಮೈಕಿಲ್ಲ, ಸ್ಪೀಕರಿಲ್ಲ. ಒಂದು ಗಂಟಲು, ಬರಿಯ ಗಂಟಲು, ಮೇಲಿನ ಷಡ್ಜದ ಮೇಲೆ ನಿಂತು, ನಿಂತೇ ಇತ್ತು. ಮೂರನೇ ಸಾಲು ದಾಟಿ, ಹತ್ತು ದಾಟಿ, ಇಪ್ಪತ್ತೆರಡನೇ ಸಾಲಿನ ನನ್ನ ತನಕ ಬಂತು. ಅದರ ಅಂಚಿನಲ್ಲಿ ಮರಳು ಕಾಗದ ತೀಡಿದಂತೆ ಒಂದು ಒರಟು ಇತ್ತು.

ಮಂದಾಕಿನಿ ಬೆರಳಿನಿಂದ ತನ್ನ ಗಂಟಲು ಮುಟ್ಟಿಕೊಂಡಳು.

ಯಾರೋ ಅತ್ತರು. ಹಳೆಯ ಬಾಗಿಲನ್ನು ಬಲವಂತದಿಂದ ತೆರೆದಂಥ ಅಳು. ಎಲ್ಲೋ ಕೇಳಿದ್ದೇನಲ್ಲ ಎಂದುಕೊಂಡೆ. ಮುಂದಿನ ಸಾಲಿನವರು ನನ್ನ ಕಡೆ ತಿರುಗಿ, ಬೆರಳನ್ನು ತುಟಿಯ ಮೇಲಿಟ್ಟುಕೊಂಡರು. ಮುಂದನಿ ನಡೆಯುವಾಗ ಸದ್ದು ಮಾಡಕೂಡದೆಂದು ನನಗೆ ನೆನಪಿಸಬೇಕಾಗಿ ಬಂತು.

ಆಮೇಲೆ ಮಂದಾಕಿನಿ ಕಣ್ಣು ಮುಚ್ಚಿಕೊಂಡು, ಏಳು ಗಂಟೆಗೆ ಅರ್ಧಕ್ಕೆ ಬಿಟ್ಟಿದ್ದ ನಿಷಾದವನ್ನು ಅಲ್ಲಿಂದಲೇ ಎತ್ತಿಕೊಂಡು, ಒಂಬತ್ತು ದಿನದ ಆಚೆ ತಾನು ಹಿಡಿದಿದ್ದ ಷಡ್ಜಕ್ಕೆ ಹೋಗಿ ಸೇರಿದಳು. ಎರಡು ದನಿ, ಒಂದೇ ಒರಟು. ಎಷ್ಟು ಹೊತ್ತು ಎಂದು ನಾನು ಗಡಿಯಾರ ನೋಡಲಿಲ್ಲ. ಆಚೆಯದು ಮುಗಿದು, ಆಚೆಯ ಜನರ ಚಪ್ಪಾಳೆ ಬಿದ್ದು ನಿಂತಿತು. ಈಚೆಯದು ಮುಂದುವರಿಯಿತು. ಎಂಟೂವರೆಗೆ ಮಂಗಳ ಹಾಡುವವರೆಗೆ ಅವಳು ಮತ್ತೆ ನಿಲ್ಲಲಿಲ್ಲ. ಐದನೇ ತಾರೀಖು ನಾನು ಇನ್ನೆರಡು ನಿಮಿಷ ಕೂತಿದ್ದರೆ ಇದಿಷ್ಟನ್ನೂ ಕೇಳಿರುತ್ತಿದ್ದೆ, ಊರಿನವರ ಮನೆಗಳಲ್ಲಿ ಹದಿನೇಳು ಬಾಟಲಿ ಜೇನು ಉಳಿದಿರುತ್ತಿತ್ತು.

ಬೋಂಡಾ ಇರಲಿಲ್ಲ. ಜನ ಬಾಯಿಗೆ ಬಂದಂತೆ ವಾಮನಯ್ಯನನ್ನು ಬೈದರು. ಅವನು, "ನನ್ನ ಯಾಕ್ರಪ್ಪಾ ಬೈತೀರ, ಅರ್ಧಕ್ಕೆ ಎದ್ದು ಬಂದೋರು ನಾನೊಬ್ನೇನಾ?" ಎನ್ನುತ್ತಾ ನನ್ನ ಕೋಣೆಯ ಕಡೆ ಕೈ ತೋರಿಸುತ್ತಿದ್ದ.

ನಾನು ಕೋಣೆಯಲ್ಲಿ ಹಲಗೆಯ ಮುಂದೆ ನಿಂತು ಹನ್ನೊಂದರ ಕರಿ ಗೂಟ ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ. ಹದಿನಾಲ್ಕರ ತೂತಿಗೆ ಅದನ್ನು ತುರುಕಲು ನೋಡಿದೆ. ಹಿಡಿಯಲಿಲ್ಲ. ಗ್ಲಾಡಿಸ್ ಓಡಿಬಂದಳು, ಅವಳ ಹಿಂದೆ ಮಂದಾಕಿನಿ, ಕತ್ತಿನಲ್ಲಿ ಇನ್ನೂ ಹಾರ.

"ಸರ್, ಒಂದು ತೊಂದರೆ" ಎಂದಳು ಗ್ಲಾಡಿಸ್. "ಆ ನಿಧಾನದ ಹಾಡು ನಮ್ಮ ಹತ್ರ ಇಲ್ಲ. ಅದನ್ನ ನಾವಿನ್ನೂ ಬರೆದೇ ಇಲ್ಲ."

"ಬರೀರಿ" ಎಂದಳು ಮಂದಾಕಿನಿ. "ನಾನೂ ಕಲೀಬೇಕಲ್ಲ. ಒಂಬತ್ತೇ ದಿನ ಇರೋದು."

"ಮೇಡಂ, ಡ್ರಮ್ ಮುಂದೆ ಕೇಳಲ್ಲ ಅಂದಿದ್ರಿ."

"ಕರೆಂಟ್ ಹೋದ್ರೆ ಕೇಳತ್ತೆ." ಅವಳು ನನ್ನ ಕಡೆ ತಿರುಗಿದಳು. "ಮಾವ, ಅಲ್ಲಿ ಹಿಂದ್ಗಡೆ ಯಾರೋ ಅತ್ತ ಹಾಗಾಯ್ತಲ್ಲ. ಯಾರದು?"

"ನೆಗಡಿ" ಎಂದೆ. "ಹೊಂಗೆ ಹೂವಿನ ಕಾಲ."

ಅವಳು ಮೇಜಿನ ಮೇಲಿದ್ದ ನನ್ನ ನೋಟ್‌ಬುಕ್ಕನ್ನು ನೋಡಿದಳು. ಮುಗಿದ ಕಚೇರಿಯದಾದ್ದರಿಂದ ಅದನ್ನು ಓದುವ ಹಕ್ಕು ಈಗ ಅವಳಿಗಿತ್ತು. ಓದಲಿಲ್ಲ. ಹಾರ ತೆಗೆದು ಅದರ ಪಕ್ಕದಲ್ಲಿಟ್ಟು, ಗ್ಲಾಡಿಸಳ ತೋಳು ಹಿಡಿದು, ಶ್ರುತಿಯ ಬಗ್ಗೆ ಏನೋ ಕೇಳುತ್ತಾ ಹೊರಗೆ ಹೋದಳು.

ಒಂಬತ್ತು ದಿನದ ನಂತರ ಕರೆಂಟ್ ಹೋಯಿತು. ವಿದ್ಯುತ್ ಕಚೇರಿಯವರು ಲೈನೆಲ್ಲ ಎರಡೆರಡು ಸಲ ನೋಡಿಹೋಗಿದ್ದರು, ಲೈನ್‌ಮನ್ ಟಿಕೆಟ್ ಕೊಂಡು ಆರನೇ ಸಾಲಿನಲ್ಲಿ ಕೂತೇ ಇದ್ದ, ಆದರೂ ಹೋಯಿತು. ಅದು ಬೇರೆ ವಿಷಯ. ಆ ಹದಿನಾಲ್ಕರ ಸಂಜೆ ಅವರಿಬ್ಬರೂ ಹೋದಮೇಲೆ ನಾನು ನೋಟ್‌ಬುಕ್ಕು ತೆರೆದು ಐದನೇ ತಾರೀಖಿನ ಪುಟ ತೆಗೆದೆ. "ಯಾರೋ ಅತ್ತರು" ಎಂದು ಇದ್ದ ಕಡೆ "ಯಾರೋ" ಎಂಬುದನ್ನು ಹೊಡೆದುಹಾಕಿ, ಪಕ್ಕದ ಕಾಲಂನಲ್ಲಿ, ಪೋಸ್ಟ್‌ಮಾಸ್ಟರ ಕೆಮ್ಮಿನ ಕೆಳಗೆ, ನನ್ನ ಹೆಸರು ಬರೆದೆ.